ಮನೆಬಂಡಿಯ ಬಾಗಿಲು

ಡಂಗುರ ಹೀಗಿತ್ತು: "ಕಲ್ಲುಮಟ್ಟಿಯ ಪ್ರಜೆಗಳು ಕೇಳಿ. ನಮ್ಮ ಮಗಳು ಮಲ್ಲಾಜಮ್ಮ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ ಮಾಡುತ್ತೇವೆ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆ ಹೋಗುತ್ತದೆ. ಇದು ರಾಚಪ್ಪನಾಯಕರ ಅಪ್ಪಣೆ."

ತಲೆಯ ಮಾತು ಸೇರಿಸಿದ್ದು ನಾಯಕ. ಮಗಳು ಅದನ್ನು ಬಯಸಿರಲಿಲ್ಲ.

ಹುಣ್ಣಿಮೆಯ ಮಾರನೆ ದಿನ ಅರಮನೆಯವರೆಲ್ಲ ಮನೆಬಂಡಿಯಲ್ಲಿ ಉಪ್ಪಿನಕಣಿವೆ ಇಳಿದು ಕುಲದೇವರಿಗೆ ಹೋಗುವವರಿದ್ದರು. ನಾಲ್ಕು ಗಾಲಿ, ಎಂಟು ಎತ್ತು, ಮೇಲೆ ಮರದ ಮನೆ. ನಾಯಕನ ಮುತ್ತಜ್ಜ ಮಾಡಿಸಿದ ಬಂಡಿ. ಪ್ರತಿ ಆಯುಧಪೂಜೆಗೆ ಅದಕ್ಕೆ ಹೊಸ ಬಣ್ಣ, ಆಗಿನ ನಾಯಕನ ಹೆಸರು ಕೆತ್ತಿದ ಹೊಸದೊಂದು ಹಿತ್ತಾಳೆ ತಗಡು. ಆ ಬಂಡಿಗೆ ಯಾರೂ ಕೆಟ್ಟ ಮಾತು ಆಡಬಾರದು. ಆಡಿದವನಿಗೆ ಹನ್ನೆರಡು ಛಡಿ ಏಟು.

ಮೊದಲು ಬಂದವನು ನೆರೆಯ ಪಾಳೆಯದ ಕುಮಾರ ವೀರರಾಜ. ಕಿವಿಯಲ್ಲಿ ಮುತ್ತು, ಮೈಯೆಲ್ಲ ಅತ್ತರು.

ಮಲ್ಲಾಜಮ್ಮ ಕೇಳಿದಳು: "ಒಂದು ಮನೆ. ಖಾಲಿ ಇದ್ದಾಗ ಬಾಗಿಲು ಮುಚ್ಚುತ್ತದೆ. ಮಂದಿ ಒಳಗೆ ಕೂತರೆ ಮುಚ್ಚುವುದಿಲ್ಲ. ಬಾಗಿಲಿಗೆ ರೋಗವಿಲ್ಲ. ರೋಗ ಯಾರಿಗೆ?"

"ಮನೆಯ ಯಜಮಾನನಿಗೆ. ಅವನಿಗೆ ನೆಂಟರ ಹುಚ್ಚು," ಎಂದ ವೀರರಾಜ.

ಸಭೆ ನಕ್ಕಿತು. ಅವಳು ನಗಲಿಲ್ಲ. ಅವನನ್ನು ಸೆರೆಗೆ ಒಯ್ದರು.

ಆಮೇಲೆ ಬಂದವನು ತರ್ಕ ಓದಿದ ತರುಣ, ಶೇಷಾದ್ರಿ. ಮೊದಲನೆಯದಕ್ಕೆ "ಮನೆಯ ತಳಕ್ಕೆ" ಎಂದ. ಅವಳ ಮುಖ ಅರಳಿತು. ಎರಡನೆಯದು ಕೇಳಿದಳು: "ಒಬ್ಬ ಮುದುಕ. ನಿಂತರೆ ಸುಮ್ಮನಿರುತ್ತಾನೆ, ನಡೆದರೆ ನರಳುತ್ತಾನೆ. ಎಷ್ಟು ಎಣ್ಣೆ ಹಚ್ಚಿದರೂ ನರಳಾಟ ನಿಲ್ಲದು. ನೋವು ಎಲ್ಲಿ?"

"ಮಂಡಿಯಲ್ಲಿ," ಎಂದ ಶೇಷಾದ್ರಿ. "ನಮ್ಮ ತಾತನಿಗೂ ಹಾಗೇ."

ಅವನೂ ಸೆರೆ ಸೇರಿದ. ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ಮತ್ತೆ ಯಾರೂ ಬರಲಿಲ್ಲ.

ಬಂಡಿಗಳಿಗೆ ಕೀಲೆಣ್ಣೆ ಹಾಕುವ ಓಬಳ ಲಾಯದಲ್ಲಿ ಈ ಸುದ್ದಿ ಕೇಳಿದ. ಕೇಳಿದವನು ಎಣ್ಣೆಯ ಬಿದಿರುಗೊಟ್ಟ ಕೆಳಗಿಟ್ಟ. ಮನೆಬಂಡಿಯ ವಿಷಯ ಲಾಯದ ಮೇಲಾಳಿಗೆ ಎರಡು ಸಲ ಹೇಳಿದ್ದ. ಎರಡು ಸಲವೂ, "ಬೆನ್ನು ಕೆರೆಯುತ್ತಿದೆಯೇನೋ? ಛಡಿ ಬೇಕೇನೋ?" ಎಂದು ಬೈಸಿಕೊಂಡಿದ್ದ. ನೇರ ಅರಮನೆಗೆ ನಡೆದ.

"ಯಾರಿವನು? ಹರಳೆಣ್ಣೆ ನಾತ ಬರುತ್ತಿದೆ," ಎಂದ ನಾಯಕ.

"ನಾನೇ ಬುದ್ಧಿ, ಓಬಳ. ಒಗಟು ಬಿಡಿಸಲು ಬಂದೆ."

"ತಲೆ ಭಾರವಾಯಿತೇ?"

"ಭಾರದ ವಿಷಯವೇ ಬುದ್ಧಿ."

ಮಲ್ಲಾಜಮ್ಮ ನೆಟ್ಟಗೆ ಕೂತಳು. ಮೊದಲ ಎರಡನ್ನೂ ಮತ್ತೆ ಕೇಳಿದಳು.

"ರೋಗ ಬಾಗಿಲಿಗಲ್ಲ ಅಮ್ಮಾವ್ರೇ, ಅಡಿಯ ತೊಲೆಗೆ. ಭಾರ ಬಿದ್ದರೆ ತೊಲೆ ಬಗ್ಗುತ್ತದೆ. ಮೇಲಿನ ಚೌಕಟ್ಟು ಓರೆಯಾಗುತ್ತದೆ. ಆಗ ಬಾಗಿಲು ಕಚ್ಚಿಕೊಳ್ಳುತ್ತದೆ. ಮುದುಕ ಅಂದರೆ ಹಳೆಯ ಬಂಡಿ, ಅವನ ನೋವೂ ಆ ತೊಲೆಯಲ್ಲೇ. ಅಚ್ಚು ಒಣಗಿದರೆ ಗಾಲಿ ಸುತ್ತು ಸುತ್ತಿಗೂ ಕೀಚಲು ಸದ್ದು. ಎಣ್ಣೆ ಹಾಕಿದರೆ ನಿಲ್ಲುತ್ತದೆ. ಸೀಳಿದ ತೊಲೆಯದು ದಪ್ಪ ಸದ್ದು. ಗಾಲಿ ಹಳ್ಳಕ್ಕೆ ಇಳಿದಾಗಲೆಲ್ಲ ಬರುತ್ತದೆ. ಅದಕ್ಕೆ ಎಣ್ಣೆ ಮದ್ದಲ್ಲ."

ನಾಯಕನ ಹುಬ್ಬು ಗಂಟಿಕ್ಕಿತು. ಯಾವ ಬಂಡಿ ಎಂದು ಅವನಿಗೆ ಹೊಳೆಯತೊಡಗಿತ್ತು.

ಮಲ್ಲಾಜಮ್ಮನ ದನಿ ತಗ್ಗಿತು. "ಕಡೆಯದು. ವರ್ಷಕ್ಕೊಮ್ಮೆ ಅವನಿಗೆ ಮರ್ಯಾದೆ ಮಾಡುತ್ತಾರೆ. ಮಾಡಿದಷ್ಟೂ ಸಾಯುತ್ತಾನೆ. ಕೊಲ್ಲುವವರು ಕೈಮುಗಿದೇ ಕೊಲ್ಲುತ್ತಾರೆ. ಆಯುಧ ಯಾವುದು?"

ಓಬಳ ನಾಯಕನ ಕಡೆ ನೋಡಿದ. ಉತ್ತರ ಗೊತ್ತಿತ್ತು. ಹೇಳಿದರೆ ಛಡಿ, ಹೇಳದಿದ್ದರೆ ತಲೆ. ಹೇಳದಿದ್ದರೆ ಕಣಿವೆಯಲ್ಲಿ ಇವರೆಲ್ಲರ ತಲೆಯೂ.

"ಮೊಳೆ," ಎಂದ. "ಆಯುಧಪೂಜೆಯ ತಗಡಿನ ಮೊಳೆ. ಅರವತ್ತು ತಗಡು, ತಗಡಿಗೆ ನಾಲ್ಕು ಮೊಳೆ. ಎಲ್ಲವೂ ಎಡಗಡೆಯ ತೊಲೆಗೆ, ಒಂದೇ ಸಾಲಿಗೆ. ಮರ ಆ ಸಾಲಿನಲ್ಲೇ ಸೀಳಿದೆ. ಮೇಲೆ ಬಣ್ಣ ಇದೆ, ಕಾಣುವುದಿಲ್ಲ. ಅಡಿಗೆ ಮಲಗಿದರೆ ಕಾಣುತ್ತದೆ. ನಾನು ಮಲಗುವವನು."

"ನಮ್ಮ ಹಿರಿಯರ ತಗಡು ಅದು," ಎಂದ ನಾಯಕ.

"ಹೌದು ಬುದ್ಧಿ. ಹಿರಿಯರೆಲ್ಲ ಒಂದೇ ತೊಲೆಯ ಮೇಲೆ ಕೂತಿದ್ದಾರೆ."

ನಾಯಕ ಎದ್ದ. ಲಾಯಕ್ಕೆ ಹೋದ. ಮಗಳೂ ಓಬಳನೂ ಹಿಂದೆ ನಡೆದರು. ಪೇಟ ತೆಗೆದು ಮೇಲಾಳಿನ ಕೈಗಿತ್ತ. ಜರಿ ಅಂಗಿಯಲ್ಲೇ ಬಂಡಿಯ ಅಡಿಗೆ ತೆವಳಿದ. ಸೀಳಿಗೆ ಕಿರುಬೆರಳು ತೂರಿಸಿದ. ಉಂಗುರದವರೆಗೂ ಹೋಯಿತು.

ಹೊರಗೆ ಬಂದಾಗ ಮೀಸೆಯ ತುಂಬ ಸಗಣಿ ಧೂಳು. ಮಗಳ ಕಡೆ ತಿರುಗಿದ.

"ನನಗೇ ಹೇಳಬಹುದಿತ್ತಲ್ಲ, ಮಗಳೇ."

"ಬಾಗಿಲು ಕಚ್ಚಿದಾಗಲೇ ಅಡಿಗೆ ಇಣುಕಿ ನೋಡಿ ಎರಡು ಸಲ ಹೇಳಿದೆ ಅಪ್ಪಾಜಿ. ಬಂಡಿಗೆ ಕೆಟ್ಟ ಮಾತು ಆಡಬೇಡ ಅಂದಿರಿ. ಒಗಟಾದರೆ ಕೇಳುತ್ತೀರಿ ಅಂದುಕೊಂಡೆ. ತಲೆಯ ಮಾತು ಮಾತ್ರ ನನ್ನದಲ್ಲ."

"ಇಕ್ಕಳ ತನ್ನಿ," ಎಂದ ನಾಯಕ. ಮೊದಲು ಕಿತ್ತದ್ದು ತನ್ನ ಹೆಸರಿನ ತಗಡುಗಳನ್ನು. ಆಮೇಲೆ, "ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ. ಇಲ್ಲಿಗೇ ಕಳಿಸಿ. ಮೊಳೆ ಬಹಳ ಇವೆ," ಎಂದ.

ವೀರರಾಜ ಮುತ್ತಿನ ಓಲೆ ತೂಗಿಸುತ್ತ ಸಂಜೆಯವರೆಗೆ ಮೊಳೆ ಕಿತ್ತ. ಒಮ್ಮೆಯೂ ಗೊಣಗಲಿಲ್ಲ. ಕತ್ತಿನ ಮೇಲೆ ತಲೆ ಉಳಿದವನು ಗೊಣಗುವುದಿಲ್ಲ.

ಯಾತ್ರೆ ಒಂದು ತಿಂಗಳು ಮುಂದೆ ಹೋಯಿತು. ಓಬಳ ಬಡಗಿಗಳ ಜೊತೆ ನಿಂತು ಹೊನ್ನೆ ಮರದ ಹೊಸ ತೊಲೆ ಕೂರಿಸಿದ, ಕಬ್ಬಿಣದ ಪಟ್ಟಿ ಬಿಗಿಸಿದ. ತಗಡುಗಳು ಅರಮನೆಯ ಗೋಡೆ ಸೇರಿದವು. ಛಡಿ ಏಟಿನ ಕಟ್ಟಳೆ ಹೋಯಿತು. ಲಾಯ ಓಬಳನ ವಶಕ್ಕೆ ಬಂತು. ನಾಯಕ ಮಗಳನ್ನು, "ಇವನು ಒಪ್ಪಿಗೆಯೇ?" ಎಂದು ಕೇಳಿದ. "ಅಡಿ ನೋಡಿ ಮಾತಾಡುವವನು," ಎಂದಳು. ಮದುವೆಯಾಯಿತು.

ಹೊರಡುವ ದಿನ ಹನ್ನೊಂದು ಮಂದಿ ಬಂಡಿ ಹತ್ತಿ ಕೂತರು. ಮಲ್ಲಾಜಮ್ಮ ಒಂದೇ ಬೆರಳಿನಿಂದ ಬಾಗಿಲು ತಳ್ಳಿದಳು.

ಮುಚ್ಚಿತು.