ಐದನೆಯ ಗಾಜು

ಬೆಟ್ಟದ ಮೇಲೊಂದು ದೂರದರ್ಶಕ, ಅದರ ಪಕ್ಕದಲ್ಲಿ ಎರಡು ಕೋಣೆ. ಅಲ್ಲಿ ವೀರಭದ್ರಯ್ಯನವರೆಂಬ ಗುರುಗಳು, ಅವರಿಗೆ ಚೆಲುವಯ್ಯನೆಂಬ ಶಿಷ್ಯ. ಇರುಳು ಗಾಜಿನ ಮೇಲೆ ಆಕಾಶದ ಚಿತ್ರ ಹಿಡಿಯುವುದು, ಹಗಲು ಅದರಲ್ಲಿನ ಚುಕ್ಕಿಗಳ ಜಾಗ ಅಳೆಯುವುದು, ಇಷ್ಟೇ ಅವರ ತಪಸ್ಸು.

ಒಂದು ಕಾರ್ತಿಕದಲ್ಲಿ, ನಾಲ್ಕು ದಿನದ ನಾಲ್ಕು ಗಾಜುಗಳಲ್ಲಿ ಒಂದು ಚುಕ್ಕಿ ಜಾಗ ಬದಲಿಸಿದ್ದು ಚೆಲುವಯ್ಯನ ಕಣ್ಣಿಗೆ ಬಿತ್ತು. ನಕ್ಷತ್ರ ಹಾಗೆ ಸರಿಯುವುದಿಲ್ಲ. ಅದು ಮಂಗಳನಿಗೂ ಗುರುಗ್ರಹಕ್ಕೂ ನಡುವೆ ಸೂರ್ಯನನ್ನು ಸುತ್ತುವ ಲಕ್ಷಾಂತರ ಬಂಡೆಗಳಲ್ಲಿ ಒಂದು, ಅದುವರೆಗೆ ಯಾರೂ ಕಾಣದ್ದು. ಇಂಥವನ್ನು ಕ್ಷುದ್ರಗ್ರಹ ಎನ್ನುತ್ತಾರೆ. ಹಾಗೆಂದವರಿಗೆ ಕರುಣೆ ಸ್ವಲ್ಪ ಕಮ್ಮಿಯಿತ್ತೆಂದು ಕಾಣುತ್ತದೆ.

ಕಂಡವನು ಅದಕ್ಕೊಂದು ಹೆಸರು ಕೊಡಬಹುದು. ಆದರೆ ಮೊದಲು ಅದರ ದಾರಿ ಖಚಿತವಾಗಬೇಕು. ಹದಿನಾರು ತಿಂಗಳಿಗೊಮ್ಮೆ ಅದು ಭೂಮಿಯ ಎದುರಿಗೆ ಬಂದಾಗ ಮತ್ತೆ ಸಿಗಬೇಕು.

ಹದಿನಾರು ತಿಂಗಳು ಕಳೆಯಿತು. ಚೆಲುವಯ್ಯ ಲೆಕ್ಕ ಹೇಳಿದ ಜಾಗದಲ್ಲಿ ಫಾಲ್ಗುಣವೆಲ್ಲ ಹುಡುಕಿದ. ಅಲ್ಲಿ ಏನೂ ಇರಲಿಲ್ಲ.

ಒಂದು ಬೆಳಿಗ್ಗೆ ಬಂದು ಗುರುಗಳ ಮುಂದೆ ಕುಳಿತ.

“ಕಳೆದುಹೋಯ್ತು, ಗುರುಗಳೇ.”

“ಅದು ತನ್ನ ದಾರೀಲಿ ಹೋಗ್ತಿದೆ. ಎಷ್ಟು ಗಾಜು ಹಿಡಿದು ಲೆಕ್ಕ ಹಾಕಿದೆ?”

“ನಾಲ್ಕು.”

“ತೆಗೆದದ್ದು ಐದು.”

ಚೆಲುವಯ್ಯ ತಲೆ ತಗ್ಗಿಸಿದ. ಐದನೆಯದನ್ನು ತೆಗೆದದ್ದು ಇಪ್ಪತ್ತು ದಿನ ಕಳೆದ ಮೇಲೆ. ಅವತ್ತು ಬೆಳಿಗ್ಗೆ ಅವನು ತನ್ನ ಆರು ವರ್ಷದ ಮಗಳನ್ನು ಮಣ್ಣು ಮಾಡಿದ್ದ. ಸಂಜೆ ಹೆಂಡತಿ ಸಾಕಮ್ಮನನ್ನು ಒಬ್ಬಳನ್ನೇ ಮನೆಯಲ್ಲಿ ಬಿಟ್ಟು ಬೆಟ್ಟ ಹತ್ತಿದ್ದ.

“ಅದು ಮಿಕ್ಕ ನಾಲ್ಕಕ್ಕೆ ಹೊಂದಲಿಲ್ಲ,” ಎಂದ. “ಅಳೆಯುವಾಗ ಕೈ ನಡುಗ್ತಿತ್ತು. ತಪ್ಪಾಗಿದೆ ಅಂತ ಎಸೆದುಬಿಟ್ಟೆ.”

ಗುರುಗಳ ಕಣ್ಣಿಗೆ ಪೊರೆ ಬಂದಿತ್ತು. ತಡವುತ್ತ ಎದ್ದು, ಪೆಟ್ಟಿಗೆಯಿಂದ ಬಟ್ಟೆ ಸುತ್ತಿದ ಗಾಜೊಂದನ್ನು ತಂದು ಅವನ ಮುಂದಿಟ್ಟರು.

“ಎಸೆದದ್ದನ್ನ ನಾನು ಎತ್ತಿಟ್ಟಿದ್ದೆ. ಇದನ್ನೂ ಸೇರಿಸು.”

ಚೆಲುವಯ್ಯ ಗಾಜನ್ನು ಹೊಸದಾಗಿ ಅಳೆದ. ಹಳೆಯ ಅಂಕಿಯೇ ಬಂತು. ಮೂರು ದಿನ ಕೂತು ದಾರಿಯನ್ನು ಮೊದಲಿಂದ ಲೆಕ್ಕ ಹಾಕಿದ. ಒತ್ತೊತ್ತಾಗಿ ತೆಗೆದ ನಾಲ್ಕು ಗಾಜುಗಳಲ್ಲಿ ಸಿಗದ ದಾರಿಯ ಬಾಗು, ಇಪ್ಪತ್ತು ದಿನ ತಡವಾದ ಇದರಲ್ಲಿ ಸಿಕ್ಕಿತು. ಅದು ಸೂರ್ಯನನ್ನು ಒಂದು ಸುತ್ತು ಬರಲು ನಾಲ್ಕು ವರ್ಷ ಮೂರು ತಿಂಗಳು. ಅವನು ಹುಡುಕಿದ ಜಾಗಕ್ಕೂ ಅದಿದ್ದ ಜಾಗಕ್ಕೂ ಕೈಚಾಚಿ ಆಕಾಶಕ್ಕೆ ಹಿಡಿದ ಒಂದು ಮುಷ್ಟಿಯಷ್ಟು ದೂರ. ಈಗ ಅದು ಮಸುಕಾಗಿ, ದೂರದರ್ಶಕಕ್ಕೆ ನಿಲುಕದಷ್ಟು ಹಿಂದೆ ಸರಿದಿತ್ತು.

“ಐದನೇದು ಸರಿಯಾಗೇ ಇತ್ತು,” ಎಂದ. “ಆದರೆ ಅವತ್ತು ನನ್ನ ಕೈ ನಡುಗ್ತಿತ್ತಲ್ಲ?”

“ನಡುಗ್ತಿತ್ತು. ನಾನು ಪಕ್ಕದಲ್ಲೇ ಇದ್ದೆ. ಮಿಕ್ಕ ಗಾಜುಗಳನ್ನ ನೀನು ಎರಡೆರಡು ಸಲ ಅಳೆದೆ. ಇದನ್ನ, ಕೈ ನಡುಗ್ತಿದೆ ಅಂತಲೇ, ಹನ್ನೆರಡು ಸಲ ಅಳೆದೆ.”

ಚೆಲುವಯ್ಯ ಮುಖ ಮುಚ್ಚಿಕೊಂಡು ಅತ್ತ. ಮಗಳನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ, ಆಮೇಲೂ ಅತ್ತಿರಲಿಲ್ಲ.

“ಮತ್ತೆ ಯಾವಾಗ ಬರುತ್ತೆ?” ಎಂದು ಗುರುಗಳು ಆಮೇಲೆ ಕೇಳಿದರು.

“ಹದಿನಾರು ತಿಂಗಳಿಗೆ. ಆಗ ಆಷಾಢ. ಮೋಡ ಇರುತ್ತೆ.”

“ಇರುತ್ತೆ. ಬಿರಿದಾಗ ನೋಡು. ನನ್ನ ಕಣ್ಣಂತೂ ಅಷ್ಟು ದಿನ ಬರಲ್ಲ.” ಮತ್ತೆ ಕೇಳಿದರು, “ಏನು ಹೆಸರಿಡಬೇಕು ಅಂತಿದ್ದೆ?”

“ಮಗಳದು,” ಎಂದ ಚೆಲುವಯ್ಯ.

“ಸಾಕಮ್ಮನಿಗೆ ಗೊತ್ತಾ?”

“ಇಲ್ಲ, ಗುರುಗಳೇ. ಮಗು ಹೋದ ಮೇಲೆ ನಾವಿಬ್ಬರೂ ಆ ಹೆಸರು ಎತ್ತಿಲ್ಲ.”

ಗುರುಗಳು ಗಾಜನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟರು.

“ಆಕಾಶದಲ್ಲಿ ಇಡೋದಕ್ಕೆ ಇನ್ನೂ ಹೊತ್ತಿದೆ. ಇವತ್ತು ಮನೆಗೆ ಹೋಗಿ, ಆ ತಾಯಿ ಮುಂದೆ ಮಗೂನ ಹೆಸರು ಹಿಡಿದು ಒಂದು ಸಲ ಕರಿ.”