ತಮಟೆಯ ಮರೆಯ ಪಾಪನಿವೇದನೆ

ಇಲಿ ಬಿದ್ದ ಮೇಲೆ ದೇವರ ಮನೆಯಾದರೇನು, ಅಮಲ್ದಾರರ ಮನೆಯಾದರೇನು. ಹೊಳೆಗುಂದಿಪಾಳ್ಯದ ಕ್ರೈಸ್ತರ ಗುಡಿಯ ಬಲಿಪೀಠದಡಿ ಇಲಿ ಸತ್ತು ಬಿದ್ದ ದಿನವೇ ಪೂಜ್ಯ ಸವರಿನಾಥ ಸ್ವಾಮಿಗಳು ಕೈಯಾರೆ ಗುಡಿಗೆ ಬೀಗ ಜಡಿದು, ಪರಮಪ್ರಸಾದದ ಪಾತ್ರೆಯನ್ನು ಎದೆಗವಚಿಕೊಂಡು ಊರವರ ಹಿಂದೆ ಹೊಲದ ಕಡೆ ನಡೆದರು. ಪ್ಲೇಗಿನ ಕಾಲವದು. ಊರಿಗೆ ಊರೇ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡಿತ್ತು. ಸ್ವಾಮಿಗಳದು ಎಲ್ಲಕ್ಕಿಂತ ಚಿಕ್ಕ ಗುಡಿಸಲು. ಮಲಗಿ ಕಾಲು ಚಾಚಿದರೆ ಪಾದಗಳು ಬಿಸಿಲಿಗೆ ಬೀಳುತ್ತಿದ್ದವು. ಪೂಜೆ ಹೊಂಗೆಮರದಡಿ ನಡೆಯಿತು. ತೀರ್ಥದ ಬಟ್ಟಲು ಒಣಗಿತು, ಶಿಲುಬೆಗೆ ಮುತ್ತಿಡುವುದು ನಿಂತಿತು, ಹಾಡುವವರು ಮಾರಿಗೊಬ್ಬರಂತೆ ನಿಂತು ಹಾಡಿದರು.

“ದೇವರನ್ನೂ ಊರು ಬಿಡಿಸಿಬಿಟ್ರು ಸ್ವಾಮಿ” ಎಂದು ಮುದುಕರು ಗೊಣಗಿದರು.

ಸ್ವಾಮಿಗಳನ್ನು ಕಾಡಿದ್ದು ಇನ್ನೊಂದು. ರೋಗ ತಗುಲಿದವರಿಗೆಂದು ದೂರದಲ್ಲಿ ಒಂದು ಶೆಡ್ಡು ಹಾಕಿ, ಸುತ್ತ ಆರು ಮಾರು ಬಿಟ್ಟು ಹಗ್ಗ ಕಟ್ಟಿದ್ದರು. ಹಗ್ಗ ದಾಟಿದವರು ರೋಗ ಇಳಿಯುವವರೆಗೆ ವಾಪಸು ಬರುವಂತಿಲ್ಲ. ಮೂರು ಊರಿಗೆ ಇವರೊಬ್ಬರೇ ಗುರುಗಳು. ಇವರು ಒಳಗೆ ಹೋದರೆ ಉಳಿದೆರಡು ಊರಿನವರು ಗುರುಗಳಿಲ್ಲದೆ ಸಾಯಬೇಕು. ಹಾಗಾಗಿ ಸ್ವಾಮಿಗಳು ಹಗ್ಗದ ಬಳಿ ನಿಲ್ಲುತ್ತಿದ್ದರು. ಕಿವಿಯಲ್ಲಿ ಪಿಸುಗುಟ್ಟಬೇಕಾದ ಪಾಪವನ್ನು ರೋಗಿ ಕೂಗಿ ಹೇಳಬೇಕಿತ್ತು. ಹೊರಗಿನ ಜನರನ್ನೇನೋ ದೂರ ಕಳಿಸಬಹುದು, ಪಕ್ಕದ ಚಾಪೆಗಳ ಮೇಲಿರುವವರನ್ನು ಎಲ್ಲಿಗೆ ಕಳಿಸುವುದು? ಒಬ್ಬರೂ ಬಾಯಿ ಬಿಡಲಿಲ್ಲ. ಇಬ್ಬರು ಹಾಗೆಯೇ ಸತ್ತರು.

ಆ ಬೆಳಿಗ್ಗೆ ಹಗ್ಗದ ಬಳಿ ಅಂತೋಣಮ್ಮ ನಿಂತಿದ್ದಳು. ದಿನಾ ಬೆಳಿಗ್ಗೆ ಅವಳಿಂದ ತಲೆ ಬಾಚಿಸಿಕೊಳ್ಳುತ್ತಿದ್ದ ಏಳು ವರ್ಷದ ಮಗಳು ಮದಲೇನ ಸತ್ತು ಒಂಬತ್ತು ದಿನ. ಈಗ ಶೆಡ್ಡಿನ ಬಾಗಿಲಲ್ಲಿ ಗಂಡ ಇನ್ನಾಸಪ್ಪ, ಕಂಕುಳಲ್ಲಿ ಗೆಡ್ಡೆ ಎದ್ದು ಮಲಗಿದ್ದ. ಆ ಒಂಬತ್ತು ದಿನವೂ ಅವಳು ಅವನೊಡನೆ ಮಾತಾಡಿರಲಿಲ್ಲ. ಇಲಿ ಸಿಕ್ಕಿತೆಂದು ತಿಳಿದರೆ ಸರ್ಕಾರದವರು ಬಂದು ಮನೆ ಬಿಡಿಸಿ ಸೂರು ಬಿಚ್ಚಿಸುತ್ತಿದ್ದರು. ಅದಕ್ಕೆ ಹೆದರಿ ಊರವರು ಸತ್ತ ಇಲಿಯನ್ನು ಬಚ್ಚಿಡುತ್ತಿದ್ದರು. ಊರು ಬಿಡುವ ಮುಂಚೆ ಒಂದು ಮುಂಜಾನೆ ಗಂಡ ಗುದ್ದಲಿ ಹಿಡಿದು ಕೊಟ್ಟಿಗೆಯ ಹಿಂದಿನಿಂದ ಬಂದದ್ದನ್ನು ಅವಳು ಕಂಡಿದ್ದಳು. ನಾಲ್ಕು ದಿನಕ್ಕೆ ಮಗುವಿಗೆ ಜ್ವರ. ಮಗಳನ್ನು ಕೊಂದೆನೆಂದು ಅವನ ಬಾಯಿಂದಲೇ ಕೇಳಬೇಕು, ಅದೂ ಹತ್ತು ಜನರೆದುರು: ಅವಳಿಗೆ ಬೇಕಿದ್ದುದು ಅಷ್ಟೇ.

“ಹೇಳ್ತೀಯಾ ಇನ್ನಾಸಪ್ಪ?” ಎಂದರು ಸ್ವಾಮಿಗಳು.

“ಎಲ್ಲಾರ ಮುಂದೆ ಬ್ಯಾಡಿ ಸ್ವಾಮಿ. ನರಕಕ್ಕೇ ಹೋಯ್ತೀನಿ ಬುಡಿ.”

“ಮಾಡೋವಾಗ ಇಲ್ದಿದ್ದ ನಾಚ್ಕೆ ಈಗ ಬಂತಂತಾ?” ಎಂದಳು ಅಂತೋಣಮ್ಮ, ಗಂಡನ ಕಡೆ ನೋಡದೆ. “ಹೇಳ್ಲಿ. ನಾಕು ಜನ ಕೇಳ್ಲಿ.”

ಸ್ವಾಮಿಗಳು ಅತ್ತಿತ್ತ ನೋಡಿದರು. ಸರ್ಕಾರದ ಅಪ್ಪಣೆ ಸಾರಲು ಬಂದಿದ್ದ ದೊಡ್ಡಮಾರ ಮರದಡಿ ಬೀಡಿ ಸೇದುತ್ತ ಕೂತಿದ್ದ. ಅವನನ್ನು ಕರೆದರು. “ಮಾರಪ್ಪ, ಇಲ್ಲಿ ನಿಂತು ತಮಟೆ ಬಡಿ. ನಾನು ಕೈ ಎತ್ತೋವರೆಗೂ ನಿಲ್ಲಿಸಬೇಡ.”

“ಊರಿಗೆ ಸಾರೋಕೆ ಬಡಿದಿವ್ನಿ, ಹೆಣದ ಮುಂದೆ ಬಡಿದಿವ್ನಿ,” ಎಂದ ದೊಡ್ಡಮಾರ ಬೀಡಿ ಹೊಸಕುತ್ತ. “ಮುಚ್ಚಾಕೋಕೆ ಬಡಿಯೋದು ಇದೇ ಮೊದ್ಲು ಸ್ವಾಮಿ.”

ಅಂತೋಣಮ್ಮ ಉರಿದುಬಿದ್ದಳು. “ಹಿಂಗೆ ಬಡಿದ್ರೆ ನಿಮ್ಗೂ ಕೇಳ್ಸಕಿಲ್ಲ. ಕೇಳ್ಸದೆ ಇರೋ ಪಾಪನ ಅದೆಂಗೆ ಕ್ಷಮಿಸ್ತೀರಿ?”

“ಕ್ಷಮಿಸೋನು ನಾನಲ್ಲ ತಾಯಿ,” ಎಂದರು ಸ್ವಾಮಿಗಳು. “ಅವನಿಗೆ ಕೇಳಿಸುತ್ತೆ.”

ಶಾಸ್ತ್ರ ಬಲ್ಲವರು ಮೂಗು ಮುರಿದಾರು. ಮುರಿಯಲಿ, ಅವರು ಯಾರೂ ಅಂದು ಆ ಹೊಲದಲ್ಲಿರಲಿಲ್ಲ.

ತಮಟೆ ಮೊಳಗಿತು. ಇನ್ನಾಸಪ್ಪನ ತುಟಿ ಅಲುಗತೊಡಗಿತು. ಅವನ ಹಿಂದೆ ಕತ್ತಲಲ್ಲಿ ಮಲಗಿದ್ದ ಹನ್ನೊಂದು ಮಂದಿಯೂ ಒಬ್ಬೊಬ್ಬರಾಗಿ ಗೋಡೆಯ ಕಡೆ ಹೊರಳಿ ಏನೇನೋ ಹೇಳಿಕೊಂಡರು. ಸ್ವಾಮಿಗಳು ಕಣ್ಣು ಮುಚ್ಚಿ ನಿಂತಿದ್ದರು. ಅಂತೋಣಮ್ಮ ಗಂಡನ ತುಟಿಗಳನ್ನೇ ದಿಟ್ಟಿಸಿದಳು. ಒಂದು ಮಾತೂ ದಕ್ಕಲಿಲ್ಲ. ದಿಟ್ಟಿಸುತ್ತಲೇ ಇದ್ದವಳಿಗೆ ತನ್ನ ತುಟಿಯೂ ಆಡುತ್ತಿದೆ ಎಂದು ಅರಿವಾಯಿತು.

ಗಂಡ ಗುದ್ದಲಿ ಹಿಡಿಯುವುದಕ್ಕೆ ಎರಡು ದಿನ ಮುಂಚೆ, ರಾಗಿಯ ಗುಡಾಣದ ಹಿಂದೆ ಒಂದು ಇಲಿ ಬಿದ್ದಿತ್ತು. ಹೊಸ ರಾಗಿ ಆಗಷ್ಟೇ ಮನೆ ತುಂಬಿತ್ತು. ಸೂರು ಬಿಚ್ಚಿದರೆ ಮಂಜಿಗೆ ಹಾಳು. ಅವಳು ಅದರ ಬಾಲ ಹಿಡಿದು ಪಕ್ಕದ ಮನೆಯ ತಿಪ್ಪೆಗೆ ಎಸೆದು ಕೈ ತೊಳೆದಿದ್ದಳು. ಈವರೆಗೆ ತನಗೆ ತಾನೂ ಹೇಳಿಕೊಂಡಿರಲಿಲ್ಲ.

ದೊಡ್ಡಮಾರನ ಕೈ ಸೋತು ತಮಟೆ ಮೆಲ್ಲಗಾಯಿತು.

“ಇನ್ನೊಂಚೂರು ಬಡಿಯಣ್ಣ,” ಎಂದಳು.

ಅವನು ಬಡಿದ. ಸ್ವಾಮಿಗಳು ಕಣ್ಣು ತೆರೆಯದೆ ಕಾದರು. ಬಹಳ ಹೊತ್ತಿನ ಮೇಲೆ ಕೈ ಎತ್ತಿ, ಎಲ್ಲರಿಗೂ ಕೇಳುವಂತೆ ಪಾಪವಿಮೋಚನೆಯ ಮಂತ್ರ ಹೇಳಿದರು.

ಆಗ ಅಂತೋಣಮ್ಮ ಹಗ್ಗಕ್ಕೆ ಆತುಕೊಂಡು, ಒಂಬತ್ತು ದಿನದ ಮೇಲೆ ಗಂಡನನ್ನು ಮಾತಾಡಿಸಿದಳು.

“ಇಲ್ ಕೇಳಿ. ಇಲೀನ ನಾನೂ ಕಂಡಿದ್ದೆ. ನಿಮ್ಗಿಂತ ಮೊದ್ಲು.”

ಜನ ತಿರುಗಿ ನೋಡಿದರು. ಇನ್ನಾಸಪ್ಪ ಒಣಗಿದ ನಾಲಿಗೆ ಹೊರಳಿಸಿದ.

“ಗೊತ್ತಿತ್ತು ಕಣಮ್ಮಿ. ಅದ್ಕೇ ಎಲ್ಲಾರ ಮುಂದೆ ಬ್ಯಾಡ ಅಂದಿದ್ದು.”

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹಗ್ಗದಡಿ ಬಗ್ಗಿದಳು. ಕಾವಲಿನವನು, “ಹೋದ್ರೆ ಬರೋ ಹಂಗಿಲ್ಲ ಕಣಕ್ಕ” ಎಂದ. “ಬರಾಕಿಲ್ಲ” ಎಂದಳು. ಸ್ವಾಮಿಗಳು ತಡೆಯಲಿಲ್ಲ, ಹಣೆ ನೆಲಕ್ಕೆ ಮುಟ್ಟುವಂತೆ ಬಾಗಿ ಅವಳಿಗೆ ನಮಸ್ಕರಿಸಿದರು.

ಇನ್ನಾಸಪ್ಪ ಅವಳ ತೊಡೆಯ ಮೇಲೆ ಪ್ರಾಣ ಬಿಟ್ಟ. ಉಳಿದವರ ಗಂಜಿ, ವಾಂತಿ, ಹೆಣ ಎಲ್ಲವನ್ನೂ ಅವಳೇ ನೋಡಿಕೊಂಡಳು. ಐದನೆಯ ವಾರಕ್ಕೆ ಆ ಶೆಡ್ಡಿನಿಂದ ಎದ್ದು ಬಂದವರು ಮೂವರು. ಅಂತೋಣಮ್ಮ ಬರಲಿಲ್ಲ. ಒಳಗೆ ಹೇಗಿದ್ದಳೆಂದು ಸ್ವಾಮಿಗಳು ಕೇಳಿದಾಗ ಆ ಮೂವರು ಹೇಳಿದ್ದು ಒಂದೇ: ಕೈ ಒಂದು ಗಳಿಗೆ ಬಿಡುವಾದರೆ ಸಾಕು, ಯಾರದಾದರೂ ತಲೆ ಬಾಚುತ್ತ ಕೂರುತ್ತಿದ್ದಳು.