ತೂತಿನ ಬೆಲೆ

“ಗುರುಗಳೇ, ಯಾರ ಬಳಿಯಿಂದಲೂ ಏನೂ ಕಡಿಮೆಯಾಗದಿದ್ದರೆ ಅದು ಕಳವು ಹೇಗಾಗುತ್ತದೆ?”

ಈ ಪ್ರಶ್ನೆ ಎರಡು ವಾರದಿಂದ ಕೊಟ್ರೇಶನ ತಲೆಯಲ್ಲಿತ್ತು. ಅವನು ಗುರುಗಳ ಬಳಿ ಚಿತ್ರಕಲೆ ಕಲಿತು, ಈಗ ಮಕ್ಕಳ ಪುಸ್ತಕಗಳಿಗೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಿದ್ದ. ಚಿತ್ರ ಬರೆಯುವ ಸಾಫ್ಟ್‌ವೇರನ್ನು ಕೊಂಡಿರಲಿಲ್ಲ. ಯಾರೋ ಬೀಗ ಒಡೆದು ಹಂಚಿದ ಪ್ರತಿಯನ್ನು ಇಳಿಸಿಕೊಂಡಿದ್ದ. ಕೊಳ್ಳಬೇಕೆಂದರೆ ಅವನ ಐದು ತಿಂಗಳ ಸಂಪಾದನೆ ಸಾಲದು. ಈಗ ಒಬ್ಬ ಪ್ರಕಾಶಕರು ಮೊದಲ ದೊಡ್ಡ ಪುಸ್ತಕ ಒಪ್ಪಿಸಿದ್ದರು. ಬಳಸುವ ಸಾಧನಗಳೆಲ್ಲ ಹಣ ಕೊಟ್ಟು ಪಡೆದವು ಎಂಬ ಕಾಗದಕ್ಕೆ ಅವನು ನಾಳೆ ಸಹಿ ಹಾಕಬೇಕಿತ್ತು. ಹಾಕಿದರೆ ಸುಳ್ಳು, ಹಾಕದಿದ್ದರೆ ಪುಸ್ತಕವಿಲ್ಲ. ಒಬ್ಬ ಗೆಳೆಯ ಇದು ಶುದ್ಧ ಕಳವು ಎಂದಿದ್ದ. ಇನ್ನೊಬ್ಬ, ಅಷ್ಟು ಬೆಲೆ ಇಟ್ಟವನೇ ಕಳ್ಳ ಎಂದಿದ್ದ. ಕೊಟ್ರೇಶನಿಗೆ ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು. ಅದೇ ಅವನ ಕಷ್ಟ.

ಅವನು ಎಲ್ಲವನ್ನೂ ಹೇಳಿದ. ಗುರುಗಳು ಕುಂಚ ತೊಳೆಯುತ್ತಾ ಕೇಳಿಸಿಕೊಂಡರು. ಕುಂಚಗಳನ್ನು ಒಣಗಲು ಇಟ್ಟು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಕಸೂತಿ ಹಾಕುವವರಿಗೆ ನಕ್ಷೆ ಮಾಡಿಕೊಡುವುದು ಅವನ ಕಸುಬು. ತೆಳು ಹಾಳೆಯ ಮೇಲೆ ಬಳ್ಳಿ, ಹಕ್ಕಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚುತ್ತಿದ್ದ. ಆ ಹಾಳೆಯನ್ನು ಬಟ್ಟೆಯ ಮೇಲೆ ಹಾಸಿ ಸುಣ್ಣದ ಪುಡಿ ಉಜ್ಜಿದರೆ ಚಿತ್ರ ಚುಕ್ಕಿ ಚುಕ್ಕಿಯಾಗಿ ಕೆಳಗೆ ಇಳಿಯುತ್ತಿತ್ತು. ಕಸೂತಿಗಾರ ಅದರ ಮೇಲೆ ದಾರ ಓಡಿಸುತ್ತಿದ್ದ. ಒಂದು ಹೊಸ ನಕ್ಷೆಗೆ ಮೂರು ತಿಂಗಳು ಹಿಡಿಯುತ್ತಿತ್ತು. ಆದ ನಕ್ಷೆಗೆ ಇನ್ನೊಂದು ಪ್ರತಿ ಮಾಡಲು ಒಂದು ಮಧ್ಯಾಹ್ನ ಸಾಕು.

ನಕ್ಷೆಗಾರ ಎಲ್ಲರಿಗೂ ಒಂದೇ ಬೆಲೆ ಹೇಳುತ್ತಿದ್ದ. ನಲವತ್ತು ಆಳು ಕೂರಿಸಿ ಕೆಲಸ ಮಾಡಿಸುವ ವರ್ತಕನಿಗೂ ಅದೇ, ಮನೆಯಲ್ಲಿ ಒಬ್ಬನೇ ಕೂತು ಹಾಕುವವನಿಗೂ ಅದೇ. ವರ್ತಕನಿಗೆ ಅದು ಒಂದು ದಿನದ ಲಾಭ. ಒಂಟಿ ಕಸೂತಿಗಾರನಿಗೆ ಒಂದು ಮಳೆಗಾಲದ ಅನ್ನ.

ಅಂಥ ಒಬ್ಬ ಕಸೂತಿಗಾರ, ವರ್ತಕನ ಆಳಿನಿಂದ ನಕ್ಷೆಗಾರನ ಗಿಳಿ ನಕ್ಷೆಯ ಹಾಳೆಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ತಂದ. ಅಡಿಯಲ್ಲಿ ಬೇರೆ ಹಾಳೆ ಇಟ್ಟು ತೂತಿಗೆ ತೂತು ಚುಚ್ಚಿದ. ಸಂಜೆಗೆ ಮೂಲವನ್ನು ಮರಳಿಸಿದ. ಆದರೆ ಅವಸರದಲ್ಲಿ ತನ್ನ ಹಾಳೆಗೆ ಯಾವುದು ಮೇಲ್ಮೈ ಎಂದು ಗುರುತು ಹಾಕಲು ಮರೆತ. ಅದನ್ನು ಮಗುಚಿ ಹಾಸಿ ಪುಡಿ ಉಜ್ಜಿದ. ನಕ್ಷೆಗಾರನ ಗಿಳಿಗಳು ಬಲಕ್ಕೆ ನೋಡುತ್ತಿದ್ದವು. ಇವನು ಕಸೂತಿ ಹಾಕಿದ ಸೀರೆಯ ಸೆರಗಿನ ಗಿಳಿಗಳು ಎಡಕ್ಕೆ ನೋಡಿದವು.

ಸಂತೆಯಲ್ಲಿ ಆ ಸೆರಗು ನಕ್ಷೆಗಾರನ ಕಣ್ಣಿಗೆ ಬಿತ್ತು. ವಿಚಾರಿಸಿಕೊಂಡು ಕಸೂತಿಗಾರನ ಮನೆಗೇ ಬಂದ. ಕಸೂತಿಗಾರ ಬೈಗುಳಕ್ಕೆ ಸಿದ್ಧನಾಗಿ ನಿಂತ. ನಕ್ಷೆಗಾರ ಜಗಲಿಯ ಮೇಲೆ ಕೂತು, ನೀರು ಕೇಳಿ ಕುಡಿದ.

“ಏನು ತಮ್ಮಾ, ನಿನ್ನ ಮನೆಗೆ ಬಂದ ಮೇಲೆ ನನ್ನ ಗಿಳಿಗಳು ನನ್ನ ಕಡೆ ನೋಡುವುದನ್ನೇ ಬಿಟ್ಟಿವೆಯಲ್ಲ?”

“ನಿಮ್ಮ ಹಾಳೆ ಎಲ್ಲಿತ್ತೋ ಅಲ್ಲೇ ಇದೆ, ಯಜಮಾನರೇ. ನಾನು ತಂದದ್ದು ತೂತು ಮಾತ್ರ.”

“ನಾನು ಮಾರುವುದೂ ಅದನ್ನೇ. ಬರಿಯ ಹಾಳೆ ಅಂಗಡಿಯಲ್ಲಿ ಸಿಗುತ್ತದೆ.”

ಕಸೂತಿಗಾರ ಧೈರ್ಯ ಮಾಡಿ ಬೆಲೆಯ ಮಾತು ಎತ್ತಿದ. ವರ್ತಕನಿಗೂ ತನಗೂ ಒಂದೇ ಬೆಲೆ ಹೇಳುವುದು ಯಾವ ನ್ಯಾಯ ಎಂದು ಕೇಳಿದ. ನಕ್ಷೆಗಾರ ನೀರಿನ ಲೋಟ ಕೆಳಗಿಟ್ಟ. ತಾನು ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದು ಒಪ್ಪಿಕೊಂಡ. ಹಾಗಾದರೆ ಎಷ್ಟಾದರೆ ಕೊಳ್ಳುತ್ತಿದ್ದೆ, ನೀನೇ ಹೇಳು ಎಂದ. ಕಸೂತಿಗಾರ ತಲೆ ಕೆರೆದುಕೊಂಡು, ಎರಡು ದಿನದ ದುಡಿಮೆ ಎಂದ. ಮುಂದಿನ ಸಂತೆಯಿಂದ ಒಂಟಿ ಕೆಲಸದವರಿಗೆ ಅದೇ ಬೆಲೆ ಎಂದು ನಕ್ಷೆಗಾರ ಮಾತು ಕೊಟ್ಟ. ಹೊರಡುವಾಗ ಇನ್ನೊಂದು ವಿಷಯ ತಿಳಿಸಿದ. ಮನೆಯಲ್ಲಿ ಒಂದು ನವಿಲಿನ ನಕ್ಷೆ ಅರ್ಧಕ್ಕೆ ನಿಂತಿದೆ. ಈ ಬೀದಿಯ ಕಸೂತಿಗಾರರು ಗಿಳಿಯ ನಕ್ಷೆ ಕೊಂಡರೆ ಆ ಹಣದಲ್ಲಿ ಅದು ಮುಗಿಯುತ್ತದೆ. ಇಲ್ಲದಿದ್ದರೆ ತಾನು ಈ ಕಸುಬು ಬಿಟ್ಟು ಕೂಲಿಗೆ ಹೋಗಬೇಕು.

ಕಸೂತಿಗಾರ ಸುದ್ದಿಯನ್ನು ಬೀದಿಗೆಲ್ಲ ಹೇಳಿದ. ನ್ಯಾಯವಾದ ಬೆಲೆ ಎಂದು ಎಲ್ಲರೂ ಹೊಗಳಿದರು. ಅದೇ ವಾರ ಹನ್ನೊಂದು ಮನೆಯವರು ಬಂದು, ನಿನ್ನ ಹತ್ತಿರ ಹೇಗೂ ಇದೆಯಲ್ಲ, ಒಂದು ಮಧ್ಯಾಹ್ನ ಕೊಡು ಎಂದರು. ಅವನು ಇಲ್ಲ ಎನ್ನಲಾರದೆ ಕೊಟ್ಟ. ಆ ಬೀದಿಯ ಗಿಳಿಗಳೆಲ್ಲ ಎಡಕ್ಕೆ ನೋಡಿದವು. ನಕ್ಷೆಗಾರನ ಮನೆಗೆ ಯಾರೂ ಹೋಗಲಿಲ್ಲ.

ಕಸೂತಿಗಾರ ಎರಡು ದಿನದ ದುಡಿಮೆಯನ್ನು ಗಂಟು ಕಟ್ಟಿಕೊಂಡು ಹೊರಟ. ದಾರಿಯಲ್ಲಿ ಅನುಮಾನ ಬಂತು. ತಾನು ಪ್ರತಿ ಮಾಡಿದಾಗ ಬೆಲೆ ಅನ್ಯಾಯದ್ದು, ಆದ್ದರಿಂದ ತಪ್ಪಿಲ್ಲ. ಈಗ ಬೆಲೆ ನ್ಯಾಯದ್ದು, ಆದರೆ ಹಾಳೆ ಆಗಲೇ ಮನೆಯಲ್ಲಿದೆ. ಹಾಗಾದರೆ ಈ ಹಣ ಯಾವುದಕ್ಕೆ? ಉತ್ತರ ಹೊಳೆಯದೆ ಹಿಂದಿರುಗಿದ. ಮುಂದಿನ ವಾರ ನಕ್ಷೆಗಾರನ ಬಾಗಿಲ ತನಕ ಹೋಗಿ ಹಿಂದಿರುಗಿದ. ಅಷ್ಟರಲ್ಲಿ ಸೀರೆ ಕೊಳ್ಳುವವರು ಗಿಳಿ ಸಾಕು ಎನ್ನತೊಡಗಿದರು. ನವಿಲು ಯಾವಾಗ ಬರುತ್ತದೆ ಎಂದು ಬೀದಿಯವರು ಇವನನ್ನು ಕೇಳುತ್ತಿದ್ದರು. ಇವನೂ ಅದನ್ನೇ ಕಾಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೊಟ್ರೇಶ ಲೆಕ್ಕ ಹಾಕಿ ನೋಡಿದ. ಬೆಲೆ ಅನ್ಯಾಯದ್ದೆಂದು ಕತೆಯೇ ಒಪ್ಪಿತ್ತು. ಬೆಲೆ ಇಳಿದ ಮೇಲೂ ಯಾರೂ ಕೊಡಲಿಲ್ಲ ಎಂದೂ ಅದೇ ಕತೆ ಹೇಳಿತ್ತು. ಬಂದಾಗ ಇದ್ದ ಗೊಂದಲಕ್ಕೆ ಇನ್ನೊಂದು ಸೇರಿತು. ಕೊನೆಗೆ ಅವನು ತನ್ನ ಸಹಿಯ ಮಾತು ಬಿಟ್ಟು ಕತೆಯ ಕಸೂತಿಗಾರನ ಬಗ್ಗೆಯೇ ಕೇಳಿದ.

“ಕಸೂತಿಗಾರ ಕೊನೆಗಾದರೂ ಹಣ ಕೊಟ್ಟನೇ, ಗುರುಗಳೇ?”

ಗುರುಗಳು ಹೇಳಿದರು: “ಎಷ್ಟಾದರೆ ಕೊಳ್ಳುತ್ತೇನೆ ಎಂದು ಅವನು ತನ್ನ ಬೆಲೆಯನ್ನಾದರೂ ಹೇಳಿದ, ನೀನು ಇನ್ನೂ ಹೇಳಿಲ್ಲ.”